ಅಡ್ಮಿರಲ್ ಕನಾರಿಸನ ಕೀರ್ತಿಯೂ ಅದರ ಪರೀಕ್ಷೆಯೂ

ದುಷ್ಟಪ್ರಭುವಿನ ಸೇವೆಯಲ್ಲಿ ಆಯುಸ್ಸನ್ನು ಕಳೆದು, ಕೊನೆಗೆ ಅದೇ ಪ್ರಭುವಿನ ಕೈಯಿಂದ ಹತರಾದವರನ್ನು ಲೋಕವು ಬಹು ಸುಲಭವಾಗಿ ಕ್ಷಮಿಸುತ್ತದೆ. ಕ್ಷಮಿಸುವುದಷ್ಟೇ ಅಲ್ಲ, ಪೂಜಿಸುವುದೂ ಉಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಸೈನ್ಯದ ಗೂಢಚಾರ ಇಲಾಖೆಗೆ ಅಧಿಪತಿಯಾಗಿದ್ದ ವಿಲ್ಹೆಲ್ಮ್ ಕನಾರಿಸನು ಇಂತಹ ಪೂಜೆಗೆ ಪಾತ್ರನಾದವರಲ್ಲಿ ಒಬ್ಬನು. 1945ರಿಂದೀಚೆಗೆ ಅವನನ್ನು ಕುರಿತು ಹೊರಬಿದ್ದ ಚರಿತ್ರೆಗಳಲ್ಲಿ ಅನೇಕವು ಅವನನ್ನು ಹಿಟ್ಲರನ ಮನೆಯೊಳಗೆ ಇದ್ದುಕೊಂಡೇ ಹಿಟ್ಲರನನ್ನು ಎದುರಿಸಿದ ಧೀರನೆಂದು ಚಿತ್ರಿಸಿವೆ. ಅವನು ಒಳಗೊಳಗೆ ನೊಂದನು, ಒಳಗೊಳಗೆ ತಡೆದನು, ಕೊನೆಗೆ ಪ್ರಾಣವನ್ನೇ ತೆತ್ತನು ಎಂಬುದು ಆ ಚರಿತ್ರೆಗಳ ಸಾರ. ಈ ಕೀರ್ತಿಯು ಅವನಿಗೆ ಎಷ್ಟರಮಟ್ಟಿಗೆ ಸಲ್ಲತಕ್ಕುದು ಎಂಬುದನ್ನು ಇಲ್ಲಿ ಪರೀಕ್ಷಿಸಬೇಕಾಗಿದೆ.

ಸತ್ತುಹೋದ ಒಬ್ಬ ಪರದೇಶದ ಅಧಿಕಾರಿಯ ಗುಣದೋಷಗಳನ್ನು ಈಗ ಎಣಿಸುವುದರಿಂದ ಫಲವೇನೆಂದು ಕೆಲವರು ಕೇಳಬಹುದು. ಫಲವುಂಟು. ಕನಾರಿಸನ ಪರವಾಗಿ ಹೇಳುವ ವಾದವು ಅವನೊಬ್ಬನ ವಾದವಲ್ಲ. ಅನ್ಯಾಯದ ಕಾಗದಕ್ಕೆ ರುಜುಹಾಕಿ, 'ನನಗೆ ಇದು ಒಪ್ಪಿಗೆಯಿಲ್ಲ. ಆದರೆ ನಾನು ಈ ಕುರ್ಚಿಯನ್ನು ಬಿಟ್ಟರೆ ನನಗಿಂತ ಕೆಟ್ಟವನು ಬಂದು ಕುಳಿತಾನು' ಎಂದು ರಾತ್ರಿ ಮನೆಯಲ್ಲಿ ಸಮಾಧಾನ ಹೇಳಿಕೊಳ್ಳುವ ಪ್ರತಿಯೊಬ್ಬ ಅಧಿಕಾರಿಯ ವಾದವೂ ಅದೇ. ಕನಾರಿಸನು ಧೀರನಾದರೆ ಅವರೆಲ್ಲರೂ ಧೀರರೇ. ಆದುದರಿಂದ ಈ ವಿಚಾರವು ಬರ್ಲಿನ್ನಿನಲ್ಲಿ ಹುಟ್ಟಿದುದಾದರೂ ಬರ್ಲಿನ್ನಿನಲ್ಲಿಯೇ ಮುಗಿಯುವುದಲ್ಲ.

ಮೊದಲು ಅವನ ಜೀವನದ ಸಂಗತಿಗಳನ್ನು ಸಂಗ್ರಹವಾಗಿ ನೋಡಬಹುದು. ಅವನು 1887ನೆಯ ಇಸವಿ ಜನವರಿ 1ರಂದು, ಡಾರ್ಟ್‌ಮುಂಡ್ ಪಟ್ಟಣದ ಹತ್ತಿರದ ಅಪ್ಲರ್ಬೆಕ್ ಎಂಬಲ್ಲಿ ಅನುಕೂಲವಂತರ ಮನೆಯಲ್ಲಿ ಹುಟ್ಟಿದನು. 1905ರಲ್ಲಿ ಚಕ್ರವರ್ತಿಯ ನೌಕಾಸೈನ್ಯವನ್ನು ಸೇರಿದನು. ಮೊದಲನೆಯ ಮಹಾಯುದ್ಧವು ಮೊದಲಾದಾಗ ಅವನು 'ಡ್ರೆಸ್ಡೆನ್' ಎಂಬ ಯುದ್ಧನೌಕೆಯಲ್ಲಿದ್ದನು. 1914ರ ಡಿಸೆಂಬರಿನಲ್ಲಿ ಫಾಕ್‌ಲೆಂಡ್ ದ್ವೀಪಗಳ ಬಳಿ ಆಂಗ್ಲರು ಜರ್ಮನ್ ನೌಕಾಪಂಕ್ತಿಯನ್ನು ನಾಶಮಾಡಿದಾಗ ಅದರ ಕ್ರೂಸರುಗಳಲ್ಲಿ ತಪ್ಪಿಸಿಕೊಂಡುದು ಇದೊಂದೇ. 1915ರ ಮಾರ್ಚಿಯಲ್ಲಿ ಅದೂ ಚಿಲಿ ದೇಶಕ್ಕೆ ಸೇರಿದ ಹ್ವಾನ್ ಫರ್ನಾಂಡೆಸ್ ದ್ವೀಪಗಳಲ್ಲಿ ಸಿಕ್ಕಿಬಿದ್ದಿತು. ನಾವಿಕರು ತಮ್ಮ ಹಡಗನ್ನು ತಾವೇ ಮುಳುಗಿಸಿ ಚಿಲಿಯಲ್ಲಿ ಬಂದಿಗಳಾದರು. ಕನಾರಿಸನು ಅಲ್ಲಿಂದ ತಪ್ಪಿಸಿಕೊಂಡು, ಆಂಡಿಸ್ ಪರ್ವತಗಳನ್ನು ದಾಟಿ, ರೀಡ್ ರೋಸಾಸ್ ಎಂಬ ಸುಳ್ಳು ಹೆಸರಿನ ರಹದಾರಿಯನ್ನು ಹಿಡಿದು, ಶತ್ರುಗಳ ಪ್ಲಿಮತ್ ಬಂದರಿನ ಮೂಲಕವೇ ಹಾದು ಅದೇ ವರ್ಷದ ಶರತ್ಕಾಲದಲ್ಲಿ ಸ್ವದೇಶವನ್ನು ಸೇರಿದನು. ವೇಷ, ಭಾಷೆ, ಧೈರ್ಯ, ತಾಳ್ಮೆ ಈ ನಾಲ್ಕೂ ಅವನಲ್ಲಿದ್ದುವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅವನು ಹೇಡಿಯಾಗಿದ್ದನೆಂದು ಯಾರೂ ಹೇಳಲಾರರು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಮುಂದಿನ ಅಪರಾಧವು ಹೇಡಿಯ ಅಪರಾಧವಲ್ಲ.

ಯುದ್ಧದಲ್ಲಿ ಸೋತ ಜರ್ಮನಿಯಲ್ಲಿ 1919ರ ಜನವರಿಯಲ್ಲಿ ರೋಜಾ ಲಕ್ಸೆಂಬರ್ಗ್ ಮತ್ತು ಕಾರ್ಲ್ ಲೀಬ್‌ಕ್ನೆಕ್ಟ್ ಎಂಬ ಕ್ರಾಂತಿನಾಯಕರನ್ನು ಸೈನಿಕಾಧಿಕಾರಿಗಳು ಹಿಡಿದು ಕೊಂದರು. ಕೊಂದವರನ್ನು ವಿಚಾರಿಸಿದ ಸೈನಿಕ ನ್ಯಾಯಪೀಠದಲ್ಲಿ ಕನಾರಿಸನೂ ಒಬ್ಬನಾಗಿದ್ದನು. ಶಿಕ್ಷೆಯು ಅತ್ಯಲ್ಪವಾಯಿತು, ಶಿಕ್ಷಿತನಾದ ಒಬ್ಬ ಅಧಿಕಾರಿಯು ಸೆರೆಮನೆಯಿಂದ ಮಾಯವಾದನು, ಅದಕ್ಕೆ ಕನಾರಿಸನ ನೆರವಿತ್ತೆಂಬ ಆರೋಪವೂ ಬಂದಿತು. ಮುಂದೆ ವರ್ಸೈಲ್ಸ್ ಒಪ್ಪಂದವು ಜರ್ಮನಿಗೆ ಜಲಾಂತರ್ಗಾಮಿಗಳನ್ನು ನಿಷೇಧಿಸಿದ್ದಾಗ, ಅವನ್ನು ಪರದೇಶಗಳಲ್ಲಿ ಗುಟ್ಟಾಗಿ ಕಟ್ಟಿಸುವ ಸಂಧಾನಗಳಲ್ಲಿ ಅವನು ಓಡಾಡಿದನು. ಕಾನೂನಿನ ಹೊರಗೆ ನಿಂತು ದೇಶಸೇವೆ ಮಾಡಬಹುದೆಂಬ ಪಾಠವನ್ನು ಅವನು ಹಿಟ್ಲರನಿಂದ ಕಲಿಯಲಿಲ್ಲ. ಹಿಟ್ಲರನು ಬರುವುದಕ್ಕೆ ಮುಂಚೆಯೇ ಕಲಿತಿದ್ದನು.

1935ನೆಯ ಇಸವಿ ಜನವರಿ 1ರಂದು ಅವನು 'ಅಬ್ವೇರ್' ಎಂಬ ಇಲಾಖೆಯ ಅಧಿಪತ್ಯವನ್ನು ವಹಿಸಿಕೊಂಡನು. ಆ ಶಬ್ದಕ್ಕೆ ತಡೆ, ರಕ್ಷಣೆ ಎಂದರ್ಥ. ಪರರ ಗುಟ್ಟನ್ನು ಅರಸುವುದೂ ಪರರ ಸೇತುವೆಗಳನ್ನು ಒಡೆಯಿಸುವುದೂ ಅದರ ಕೆಲಸವಾಗಿದ್ದರೂ ಹೆಸರು ಮಾತ್ರ ರಕ್ಷಣೆ! ಬೇಹು, ಶತ್ರುದೇಶದಲ್ಲಿ ವಿಧ್ವಂಸ, ಶತ್ರುವಿನ ಬೇಹುಗಾರರನ್ನು ಹಿಡಿಯುವುದು ಎಂದು ಅದಕ್ಕೆ ಮೂರು ವಿಭಾಗಗಳು. ಇವುಗಳ ನಡುವಣ ಕಚೇರಿಗೆ ಹಾನ್ಸ್ ಓಸ್ಟರ್ ಎಂಬಾತನು ಮುಖ್ಯಸ್ಥನು. ಕನಾರಿಸನಿಗಿಂತ ಹಿಂದೆ ಆ ಪೀಠದಲ್ಲಿದ್ದ ಪಾಟ್ಸಿಗನು ಹಿಮ್ಲರನ ಪೊಲೀಸು ಪಕ್ಷದೊಡನೆ ಹೊಂದಲಾರದೆ ಹೊರಬಿದ್ದವನು. ಆ ಪಕ್ಷದ ಹೈಡ್ರಿಕನಾದರೋ ಹಿಂದೆ ನೌಕಾಸೈನ್ಯದಲ್ಲಿ ಕನಾರಿಸನ ಕೈಕೆಳಗೆ ತರಬೇತಾದ ತರುಣ; ಕನಾರಿಸನ ಮನೆಯಲ್ಲಿ ಪಿಟೀಲು ಬಾರಿಸುತ್ತಿದ್ದವನು; ಬರ್ಲಿನ್ನಿನಲ್ಲಿ ನೆರೆಹೊರೆಯವನು. ಇಂಥವರೊಡನೆ ತಾನು ಹೇಗೋ ನಿಭಾಯಿಸಿಕೊಂಡು ಹೋಗಬಲ್ಲೆನೆಂಬ ನಂಬಿಕೆಯಿಂದ ಕನಾರಿಸನು ಒಳಗೆ ಕಾಲಿಟ್ಟನು. ಜಾಣರನ್ನು ಕೆಡಿಸುವ ನಂಬಿಕೆಗಳಲ್ಲಿ ಇದು ಮೊದಲನೆಯದು.

ಅವನು ಹಿಟ್ಲರನನ್ನು ಮೊದಲಿನಿಂದಲೇ ದ್ವೇಷಿಸುತ್ತಿದ್ದನೆಂಬುದು ಸತ್ಯವಲ್ಲ. 1936ರಲ್ಲಿ ಸ್ಪೇಯಿನ್ ದೇಶದ ಅಂತರ್ಯುದ್ಧದಲ್ಲಿ ಫ್ರಾಂಕೋವಿಗೆ ಸಹಾಯಮಾಡಬೇಕೆಂದು ಉತ್ಸಾಹದಿಂದ ವಾದಿಸಿದವರಲ್ಲಿ ಅವನೊಬ್ಬನು. ಅವನ ಮನಸ್ಸು ತಿರುಗಿದುದು 1938ರಲ್ಲಿ. ಆ ವರ್ಷದ ಮೊದಲಿನಲ್ಲಿ ಸೇನಾಪತಿಯಾದ ಫ್ರಿಟ್ಷನ ಮೇಲೆ ನೀಚವಾದ ಸುಳ್ಳು ಅಪವಾದವನ್ನು ಹೊರಿಸಿ ಪದವಿಯಿಂದ ಇಳಿಸಿದರು. ಅಲ್ಲಿಂದ ಮುಂದೆ ಅವನು ಓಸ್ಟರನಂತಹ ವಿರೋಧಿಗಳಿಗೆ ತನ್ನ ಕಚೇರಿಯಲ್ಲಿ ಆಶ್ರಯವಿತ್ತನು. ಇಷ್ಟು ನಿಜ. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಸೈನ್ಯದ ಪ್ರಧಾನ ಮಂತ್ರಣಾಧಿಕಾರಿಯಾಗಿದ್ದ ಲುಡ್ವಿಗ್ ಬೆಕ್ ಎಂಬ ಸೇನಾನಿಯು, ಹಿಟ್ಲರನು ದೇಶವನ್ನು ಅನ್ಯಾಯದ ಯುದ್ಧಕ್ಕೆ ನೂಕುತ್ತಿರುವನೆಂದು ಕಂಡು, ಕಂಡುದನ್ನು ಬರೆದು ತಿಳಿಸಿ, ತನ್ನ ಮಾತು ನಡೆಯದಿರಲು ಪದವಿಯನ್ನು ತ್ಯಜಿಸಿದನು. ಕನಾರಿಸನು ತ್ಯಜಿಸಲಿಲ್ಲ.

ಇನ್ನು 1939ನೆಯ ಇಸವಿ. ಪೋಲೆಂಡಿನ ಮೇಲೆ ಬೀಳುವುದಕ್ಕೆ ಒಂದು ನೆಪ ಬೇಕಾಗಿತ್ತು. ಪೋಲಿಷ್ ಸೈನಿಕರೇ ಗಡಿಯನ್ನು ದಾಟಿ ಬಂದು ಆಕ್ರಮಿಸಿದರೆಂದು ತೋರಿಸುವುದಕ್ಕಾಗಿ, ಪೋಲಿಷ್ ಸೈನ್ಯದ ಉಡುಪುಗಳನ್ನು ಒದಗಿಸಬೇಕೆಂದು ಅಬ್ವೇರಿಗೆ ಆಜ್ಞೆಯಾಯಿತು. ಕನಾರಿಸನಿಗೆ ಅದು ಹಿಡಿಸಲಿಲ್ಲವಂತೆ. ಆದರೆ ಉಡುಪುಗಳು ಹೋದುವು. ಆಗಸ್ಟ್ 31ರ ರಾತ್ರಿ ಗ್ಲೈವಿಟ್ಸ್ ಪಟ್ಟಣದ ರೇಡಿಯೋ ಠಾಣ್ಯದಲ್ಲಿ ಹೈಡ್ರಿಕನ ಜನರು ಆ ನಾಟಕವನ್ನಾಡಿದರು. ಮರುದಿನ ಬೆಳಿಗ್ಗೆ ಯುದ್ಧವು ಮೊದಲಾಯಿತು. ಸೆಪ್ಟೆಂಬರ್ 12ರಂದು ಕನಾರಿಸನು ಮೇಲಣ ಸೈಲೀಸಿಯದಲ್ಲಿ ನಿಂತಿದ್ದ ಹಿಟ್ಲರನ ರೈಲುಗಾಡಿಗೆ ಹೋಗಿ, ಪೋಲೆಂಡಿನ ಕುಲೀನರನ್ನೂ ಪಾದ್ರಿಗಳನ್ನೂ ಸಾಮೂಹಿಕವಾಗಿ ಗುಂಡಿಟ್ಟು ಕೊಲ್ಲುವ ಏರ್ಪಾಡು ನಡೆದಿದೆಯೆಂದು ತಾನು ಬಲ್ಲೆನೆಂದೂ, ಇದಕ್ಕೆಲ್ಲ ಒಂದು ದಿನ ಲೋಕವು ಸೈನ್ಯವನ್ನೇ ಹೊಣೆಮಾಡುವುದೆಂದೂ ಕೈಟೆಲನಿಗೆ ಹೇಳಿದನು. ಇದು ಪ್ರಭುವಿನ ನಿಶ್ಚಯವೆಂದೂ, ಸೈನ್ಯವು ಮಾಡದಿದ್ದರೆ ಹಿಮ್ಲರನವರು ಮಾಡುವರೆಂದೂ ಕೈಟೆಲನು ಉತ್ತರಕೊಟ್ಟನು. ಕನಾರಿಸನು ಬರ್ಲಿನ್ನಿಗೆ ಹಿಂದಿರುಗಿ ನಡೆದುದನ್ನು ದಾಖಲೆಮಾಡಿಸಿದನು; ಮರುದಿನ ಕಚೇರಿಗೆ ಹೋದನು. ಉಡುಪುಗಳ ಸಂಗತಿಯನ್ನೂ ರೈಲಿನ ಸಂಗತಿಯನ್ನೂ 1945ರ ನವೆಂಬರಿನಲ್ಲಿ ನ್ಯೂರೆಂಬರ್ಗಿನ ನ್ಯಾಯಸ್ಥಾನದಲ್ಲಿ ಪ್ರಮಾಣಪೂರ್ವಕವಾಗಿ ಹೇಳಿದವನು ಅವನ ಶತ್ರುವಲ್ಲ. ಅವನ ವಿಭಾಗಾಧಿಕಾರಿಯೂ ಅಭಿಮಾನಿಯೂ ಆಗಿದ್ದ ಲಾಹೂಸನ್.

1941ರ ಸೆಪ್ಟೆಂಬರಿನಲ್ಲಿ ಇದೇ ಕಥೆಯು ಇನ್ನೂ ದೊಡ್ಡದಾಗಿ ಮರುಕೊಳಿಸಿತು. ಸೆರೆಸಿಕ್ಕ ರಷ್ಯದ ಸೈನಿಕರನ್ನು ನಡಸಿಕೊಳ್ಳುವ ರೀತಿಯು ಯುದ್ಧಧರ್ಮಕ್ಕೆ ವಿರುದ್ಧವೆಂದು ಅಬ್ವೇರಿನಿಂದ ಒಂದು ವಿಜ್ಞಾಪನೆ ಹೊರಟಿತು. ಮೋಲ್ಟ್ಕೆ ಮೊದಲಾದ ನ್ಯಾಯಜ್ಞರು ಅವನ ಕೈಕೆಳಗಿದ್ದರು; ಬರಹವು ಉತ್ತಮವಾಗಿತ್ತು. ಇವೆಲ್ಲ ಹಳೆಯ ಕಾಲದ ಕ್ಷಾತ್ರಭಾವನೆಗಳು, ಇಲ್ಲಿ ನಡೆದಿರುವುದು ಒಂದು ಮತವನ್ನೇ ನಿರ್ಮೂಲಮಾಡುವ ಕಾರ್ಯ ಎಂದು ಕೈಟೆಲನು ಅದರ ಮೇಲೆ ಷರಾ ಬರೆದನು. ಯುದ್ಧವು ಮುಗಿಯುವುದರೊಳಗಾಗಿ ಜರ್ಮನರ ಕೈಗೆ ಸಿಕ್ಕ ಸುಮಾರು 57 ಲಕ್ಷ ರಷ್ಯದ ಸೈನಿಕರಲ್ಲಿ ಸುಮಾರು 33 ಲಕ್ಷ ಮಂದಿ ಹಸಿವಿನಿಂದಲೂ ಚಳಿಯಿಂದಲೂ ಗುಂಡಿನಿಂದಲೂ ಸತ್ತರೆಂದು ಚರಿತ್ರಕಾರರು ಲೆಕ್ಕಹಾಕಿದ್ದಾರೆ. ವಿಜ್ಞಾಪನೆಯು ಕಡತವನ್ನು ಸೇರಿತು. ಬರೆದ ಇಲಾಖೆಯು ತನ್ನ ಎಂದಿನ ಕೆಲಸವನ್ನು ಮುಂದುವರಿಸಿತು.

ಸಂಗತಿಗಳು ಹೀಗಿರಲು, ಕನಾರಿಸನ ಪಕ್ಷದವರು ನಾಲ್ಕು ವಾದಗಳನ್ನು ಹೂಡುವರು. ಒಂದೊಂದನ್ನೂ ನೋಡಬೇಕು.

ಅವನು ಪದವಿಯನ್ನು ಬಿಟ್ಟಿದ್ದರೆ ಇನ್ನೂ ಕ್ರೂರನಾದವನು ಬರುತ್ತಿದ್ದನೆಂಬುದು ಮೊದಲನೆಯ ವಾದ. ಈ ವಾದಕ್ಕೆ ಒಂದು ವಿಚಿತ್ರವಾದ ಗುಣವುಂಟು: ಯಾವ ಪದವಿಗೂ, ಯಾವ ಪಾಪಕ್ಕೂ ಇದು ಹೊಂದುತ್ತದೆ. ಗಲ್ಲಿಗೆ ಹಾಕುವವನೂ ತನಗಿಂತ ಒರಟಾಗಿ ಹಗ್ಗ ಬಿಗಿಯುವವರುಂಟೆಂದು ಹೇಳಬಹುದು. ಎಲ್ಲಕ್ಕೂ ಹೊಂದುವ ಸಮಾಧಾನವು ಯಾವುದಕ್ಕೂ ಸಮಾಧಾನವಲ್ಲ; ನ್ಯಾಯಶಾಸ್ತ್ರದಲ್ಲಿ ಇಂತಹ ಹೇತುವನ್ನು ಅನೈಕಾಂತಿಕವೆಂದು ತಳ್ಳಿಹಾಕುವರು. ಅದಿರಲಿ. ಅವನು ಕುಳಿತಿದ್ದುದರಿಂದ ಯಾವುದು ನಿಂತಿತು? ಪೋಲೆಂಡಿನ ಕೊಲೆಗಳು ನಿಲ್ಲಲಿಲ್ಲ. ರಷ್ಯದ ಸೆರೆಯಾಳುಗಳು ಬದುಕಲಿಲ್ಲ. ಕೊನೆಗೆ ಅವನು ಕಾಪಾಡಿಕೊಂಡು ಬಂದ ಆ ಇಲಾಖೆಯಾದರೂ ಉಳಿಯಿತೇ ಎಂದರೆ, 1944ರ ಫೆಬ್ರವರಿಯಲ್ಲಿ ಇಸ್ತಾಂಬೂಲಿನಲ್ಲಿದ್ದ ಅವನ ನೌಕರನೊಬ್ಬನು ಆಂಗ್ಲರ ಕಡೆಗೆ ಓಡಿಹೋದುದೇ ನೆಪವಾಗಿ, ಹಿಟ್ಲರನು ಕನಾರಿಸನನ್ನು ತೆಗೆದುಹಾಕಿ ಇಲಾಖೆಯನ್ನು ಹಿಮ್ಲರನ ಬಾಯಿಗೆ ಹಾಕಿದನು. ಒಂಬತ್ತು ವರ್ಷ ಬಾಗಿಲನ್ನು ಕಾದವನು ತಡೆದುದು ಏನನ್ನು?

ತಡೆದುದಿರಲಿ, ಅವನು ಕೊಟ್ಟುದು ಬಹಳ. ಕುಲೀನನೂ ವಿದ್ಯಾವಂತನೂ ದೈವಭಕ್ತನೂ ಆದ ಒಬ್ಬ ಅಡ್ಮಿರಲನು ಆ ಪೀಠದಲ್ಲಿರುವನೆಂಬುದೇ ಸಂಶಯಪಡುತ್ತಿದ್ದ ನೂರಾರು ಸಜ್ಜನ ಅಧಿಕಾರಿಗಳಿಗೆ ಅಭಯವಾಯಿತು. ಕನಾರಿಸನಂಥವನೇ ಇರುವಾಗ ನಮಗೇನು ಎಂದುಕೊಂಡು ಅವರೂ ಇದ್ದರು. ಹೀಗೆ ದುಷ್ಟರಾಜ್ಯವು ದುಷ್ಟರಿಂದ ನಡೆಯುವುದಕ್ಕಿಂತ ಹೆಚ್ಚಾಗಿ ಶಿಷ್ಟರ ಹೆಸರಿನಿಂದ ನಡೆಯುತ್ತದೆ. ಪೋಲೆಂಡಿನಲ್ಲಿ ಸೇನಾಪತಿಯಾಗಿದ್ದ ಬ್ಲಾಸ್ಕೋವಿಟ್ಸನು ಅಲ್ಲಿಯ ಅತ್ಯಾಚಾರಗಳನ್ನು ಖಂಡಿಸಿ ತನ್ನ ಹೆಸರಿನಲ್ಲಿಯೇ ಮೇಲಕ್ಕೆ ಬರೆದನು. 1940ರಲ್ಲಿ ಆ ಅಧಿಕಾರದಿಂದ ತೆಗೆಯಲ್ಪಟ್ಟನು. ಮುಂದೆ ಅವನೂ ಬೇರೆ ಸೇವೆಗೆ ಹಿಂದಿರುಗಿದನೆಂಬುದು ದಿಟ. ಬೆಕ್ಕನ ರಾಜೀನಾಮೆಯೂ ಯುದ್ಧವನ್ನು ನಿಲ್ಲಿಸಲಿಲ್ಲವೆಂಬುದೂ ದಿಟ. ಆದರೆ ಒಂದು ಭೇದವುಂಟು. ಬೆಕ್ಕನು ಯುದ್ಧವನ್ನು ನಿಲ್ಲಿಸಲಾರದೆ ಹೋದನು, ಅದಕ್ಕೆ ಕೈಗೊಡಲಿಲ್ಲ. ಕನಾರಿಸನು ನಿಲ್ಲಿಸಲೂ ಇಲ್ಲ, ಕೈಯನ್ನೂ ಕೊಟ್ಟನು.

ಎರಡನೆಯ ವಾದವು ಇನ್ನೂ ಚಮತ್ಕಾರವಾದುದು. ಅಬ್ವೇರಿನ ಸೋಲುಗಳೆಲ್ಲ ಕನಾರಿಸನ ಬುದ್ಧಿಪೂರ್ವಕವಾದ ಲೀಲೆಯೆಂದು ಹೇಳುವವರುಂಟು. ಸೋಲುಗಳಿಗೇನೂ ಕೊರತೆಯಿಲ್ಲ. ಬ್ರಿಟನ್ನಿಗೆ ಅವನು ಕಳುಹಿಸಿದ ಗೂಢಚಾರರು ಒಂದೋ ಸಿಕ್ಕಿಬಿದ್ದರು, ಇಲ್ಲವೆ ತಾವಾಗಿ ಶರಣಾದರು. ಅವರಲ್ಲಿ ಹಲವರು ಆಂಗ್ಲರ ಕೈಗೊಂಬೆಗಳಾಗಿ ಬರ್ಲಿನ್ನಿಗೆ ಸುಳ್ಳುಸುದ್ದಿಯನ್ನು ಕಳುಹಿಸುತ್ತಿದ್ದರೆಂಬ ಪೂರ್ಣ ವೃತ್ತಾಂತವು 1972ರಲ್ಲಿ ಆ ಕಾರ್ಯದಲ್ಲಿ ಮುಖ್ಯನಾಗಿದ್ದ ಮಾಸ್ಟರ್ಮನ್ನನ ಗ್ರಂಥದಿಂದ ಲೋಕಕ್ಕೆ ತಿಳಿಯಿತು. ಪೂಜೋಲ್ ಎಂಬ ಸ್ಪೇಯಿನ್ ದೇಶದವನು ಇಲ್ಲದ ಗೂಢಚಾರರ ಒಂದು ಪಡೆಯನ್ನೇ ಕಲ್ಪಿಸಿ ಬರೆಯುತ್ತಿದ್ದನು. ಜರ್ಮನರು ಅವನನ್ನು ನಂಬಿ ಕಬ್ಬಿಣದ ಶಿಲುಬೆಯ ಬಿರುದನ್ನು ಕೊಟ್ಟರು. ಅಬ್ವೇರಿನ ಸಂಕೇತಲಿಪಿಯನ್ನೇ ಆಂಗ್ಲರು 1941ರ ಡಿಸೆಂಬರಿನಲ್ಲಿ ಬಿಡಿಸಿದ್ದರು.

ಭಾರತಕ್ಕೆ ಸಂಬಂಧಪಟ್ಟ ಒಂದು ಪ್ರಕರಣವೂ ಇದೆ. 1941ರ ಜನವರಿಯಲ್ಲಿ ಸುಭಾಷಚಂದ್ರ ಬೋಸರನ್ನು ಪೇಷಾವರದಿಂದ ಕಾಬೂಲಿಗೆ ದಾಟಿಸಿದ ಭಗತ್‌ರಾಮ್ ತಲ್ವಾರ್ ಎಂಬಾತನನ್ನು ಕಾಬೂಲಿನಲ್ಲಿದ್ದ ಜರ್ಮನ್ ಅಧಿಕಾರಿಗಳು ತಮ್ಮ ಗೂಢಚಾರನೆಂದು ಗಟ್ಟಿಯಾಗಿ ನಂಬಿ ಹಣವನ್ನೂ ತಂತಿಯಿಲ್ಲದ ವಾರ್ತಾಯಂತ್ರವನ್ನೂ ಕೊಟ್ಟರು. ಹಿಟ್ಲರನು ರಷ್ಯದ ಮೇಲೆ ಬಿದ್ದ ಬಳಿಕ ಆತನು ರಷ್ಯದವರ ಕಡೆಗೂ, ಅವರ ಮೂಲಕ ಬ್ರಿಟಿಷರ ಕಡೆಗೂ ಸೇರಿದನು. ಬರ್ಲಿನ್ನಿಗೆ ಹೋಗುತ್ತಿದ್ದ ಸುದ್ದಿಯು ದೆಹಲಿಯ ಬ್ರಿಟಿಷ್ ಸೈನಿಕ ಕಚೇರಿಯಲ್ಲಿ ರಚನೆಯಾಗುತ್ತಿತ್ತು. ಪರಸ್ಪರ ಅರಿಯದ ಮೂವರು ಚಾರರ ಮಾತು ಒಂದಾದ ಹೊರತು ನಂಬಲಾಗದೆಂದು ಕೌಟಿಲ್ಯನು ವಿಧಿಸಿದ್ದಾನೆ. ಆ ಅರ್ಥಶಾಸ್ತ್ರವನ್ನು ಮೈಸೂರಿನ ಪಂಡಿತರಾದ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟಿದ್ದರು. ಒಬ್ಬನ ಮಾತನ್ನು ಒಬ್ಬನಿಂದಲೇ ಕೇಳಿ ನಂಬುವ ಇಲಾಖೆಯು ಮೋಸಹೋಗುವುದಕ್ಕೆ ಅಧಿಪತಿಯ ಗುಪ್ತ ಪುಣ್ಯವೇಕೆ ಬೇಕು? ಅವನ ಅಲಕ್ಷ್ಯವೇ ಸಾಕು.

ಸೋಲುಗಳು ಬುದ್ಧಿಪೂರ್ವಕವೆಂದೇ ಒಪ್ಪಿದರೂ ಗೆಲವುಗಳ ಗತಿಯೇನು? ಹಾಲೆಂಡಿನಲ್ಲಿ 1942ರಿಂದ ಅಬ್ವೇರಿನವರು ಲಂಡನ್ನಿನಿಂದ ಇಳಿದ ಒಬ್ಬ ಗೂಢಚಾರನನ್ನು ಹಿಡಿದು, ಅವನ ಯಂತ್ರದಿಂದಲೇ ಲಂಡನ್ನಿಗೆ ಸುದ್ದಿ ಕಳುಹಿಸಿ, ಮುಂದೆ ಇಳಿದ ಐವತ್ತಕ್ಕೂ ಹೆಚ್ಚು ತರುಣರನ್ನು ಬಲೆಗೆ ಬೀಳಿಸಿದರು. ಅವರಲ್ಲಿ ಹೆಚ್ಚಿನವರನ್ನು ಜರ್ಮನರು ಬಂಧನದ ಶಿಬಿರದಲ್ಲಿ ಕೊಂದರು. 1942ರ ಜೂನಿನಲ್ಲಿ ಅಮೆರಿಕದ ತೀರದಲ್ಲಿ ವಿಧ್ವಂಸಕ್ಕಾಗಿ ಎಂಟು ಮಂದಿಯನ್ನು ಇಳಿಸಿದರು. ಒಬ್ಬನು ಹೋಗಿ ಎಲ್ಲವನ್ನೂ ಹೇಳಿಬಿಟ್ಟನು. ಆಗಸ್ಟಿನಲ್ಲಿ ಆರು ಮಂದಿಗೆ ಮರಣದಂಡನೆಯಾಯಿತು. ಕಾರ್ಯವು ಕೆಡಲೆಂದೇ ಇವರನ್ನು ಕಳುಹಿಸಿದುದಾದರೆ, ತನ್ನನ್ನು ನಂಬಿದ ಆರು ಜನರ ಪ್ರಾಣದಿಂದ ಅವನು ಪ್ರತಿಭಟನೆಯನ್ನು ಕೊಂಡಂತಾಯಿತು. ಕೆಡಲೆಂದು ಕಳುಹಿಸಿದುದಲ್ಲವಾದರೆ, ಅವನು ಹಿಟ್ಲರನ ನಿಷ್ಠ ಸೇವಕನಾಗಿಯೇ ಕಳುಹಿಸಿದಂತಾಯಿತು. ಎರಡರಲ್ಲಿ ಯಾವುದನ್ನು ಹಿಡಿದರೂ ಕೀರ್ತಿಯಿಲ್ಲ. ಗೆದ್ದರೆ ಸಮರ್ಥನೆಂದೂ ಸೋತರೆ ಧರ್ಮಾತ್ಮನೆಂದೂ ಹೊಗಳಿಸಿಕೊಳ್ಳುವ ಸೌಲಭ್ಯವು ಲೋಕದಲ್ಲಿ ಯಾರಿಗೂ ಇರಕೂಡದು.

ಅವನು ಪ್ರಾಣಗಳನ್ನು ಉಳಿಸಿದನೆಂಬುದು ಮೂರನೆಯ ವಾದ. ಇದು ಸತ್ಯ, ಇದನ್ನು ಮುಚ್ಚಿಡುವುದು ಅಧರ್ಮವಾದೀತು. ವಾರ್ಸಾದಲ್ಲಿ ಸಿಕ್ಕಿಕೊಂಡಿದ್ದ ಯೆಹೂದ್ಯರ ಗುರುವೊಬ್ಬನನ್ನು ಅಬ್ವೇರಿನ ಅಧಿಕಾರಿಗಳು ಹುಡುಕಿ ಹೊರತಂದರು. 1940ರ ಮಾರ್ಚಿಯಲ್ಲಿ ಆತನು ನ್ಯೂಯಾರ್ಕ್ ಸೇರಿದನು. 1942ರಲ್ಲಿ ದೋನಾನ್ಯಿ ಎಂಬ ನ್ಯಾಯಜ್ಞನು ಸುಮಾರು ಹದಿನಾಲ್ಕು ಮಂದಿ ಯೆಹೂದ್ಯರನ್ನು ಇಲಾಖೆಯ ಗೂಢಚಾರರೆಂದು ಹೆಸರುಮಾಡಿ ಸ್ವಿಟ್ಜರ್ಲೆಂಡಿಗೆ ದಾಟಿಸಿದನು. ಕನಾರಿಸನು ಅನುಮತಿಯಿತ್ತನು. ಈ ಕಾರ್ಯವೇ ಮುಂದೆ ಸುಳಿವಾಗಿ 1943ರ ಏಪ್ರಿಲಿನಲ್ಲಿ ದೋನಾನ್ಯಿಯೂ ಬೋನ್‌ಹೋಫರ್ ಎಂಬ ಪಾದ್ರಿಯೂ ಸೆರೆಯಾದರು. ಉಳಿದ ಒಂದೊಂದು ಪ್ರಾಣವೂ ಉಳಿಸಿದವರ ಪುಣ್ಯಕ್ಕೆ ಸೇರತಕ್ಕುದೇ. ಆದರೆ ಪುಣ್ಯಪಾಪಗಳು ಅಂಗಡಿಯ ಜಮಾ-ಖರ್ಚಿನಂತೆ ಒಂದರೊಳಗೊಂದು ಕಳೆದುಹೋಗುವ ವಸ್ತುಗಳಲ್ಲ. ಉಳಿಸಿದ ಪುಣ್ಯವು ಅವನ ಹೆಸರಿನಲ್ಲಿರಲಿ. ಒದಗಿಸಿದ ಉಡುಪುಗಳೂ ಅವನ ಹೆಸರಿನಲ್ಲಿಯೇ ಇರಬೇಕು. ಇದಲ್ಲದೆ, ಯೆಹೂದ್ಯರನ್ನು ದಾಟಿಸುವ ಅಪಾಯವನ್ನು ಹೊತ್ತವನು ದೋನಾನ್ಯಿ. 1940ರಲ್ಲಿ ಪಶ್ಚಿಮದ ಆಕ್ರಮಣವು ಎಂದು ನಡೆಯುವುದೆಂಬುದನ್ನು ಡಚ್ಚರ ಸೈನಿಕ ಪ್ರತಿನಿಧಿಗೆ ಮತ್ತೆ ಮತ್ತೆ ತಿಳಿಸಿ ತನ್ನ ತಲೆಯನ್ನು ಪಣವಾಗಿಟ್ಟವನು ಓಸ್ಟರ್. ಅಧಿಪತಿಯು ಕಂಡೂ ಕಾಣದಂತಿದ್ದನು. ಇತರರ ಸಾಹಸಕ್ಕೆ ಕಣ್ಣು ಮುಚ್ಚಿಕೊಂಡುದನ್ನೇ ಸಾಹಸವೆಂದು ಕರೆಯುವುದು ಆ ಇತರರಿಗೆ ಮಾಡುವ ಅನ್ಯಾಯ.

ಕೊನೆಯದು ಮರಣದ ವಾದ. 1944ರ ಜುಲೈ 20ರಂದು ಹಿಟ್ಲರನ ಮೇಲೆ ಬಾಂಬಿನ ಪ್ರಯೋಗವಾಯಿತು. ಅದರಲ್ಲಿ ನೇರವಾದ ಪಾತ್ರವಿಲ್ಲದಿದ್ದರೂ ಮೂರು ದಿನಗಳಲ್ಲಿ ಕನಾರಿಸನು ಸೆರೆಯಾದನು. ತನಿಖೆಯಲ್ಲಿ ಅವನು ಜಾಣತನದಿಂದ ಎಲ್ಲವನ್ನೂ ಅಲ್ಲಗಳೆಯುತ್ತ ಬಂದನು. 1945ರ ಏಪ್ರಿಲಿನಲ್ಲಿ ಝೋಸೆನ್ ಎಂಬಲ್ಲಿಯ ಕಬ್ಬಿಣದ ಪೆಟ್ಟಿಗೆಯೊಂದರಲ್ಲಿ ಅವನ ದಿನಚರಿಯು ಸಿಕ್ಕಿತು; ಅದು ಹಿಟ್ಲರನ ಕೈಸೇರಿತು. ಏಪ್ರಿಲ್ 9ರ ಬೆಳಿಗ್ಗೆ ಫ್ಲೊಸೆನ್‌ಬುರ್ಗಿನ ಶಿಬಿರದಲ್ಲಿ ಅವನನ್ನೂ ಓಸ್ಟರನನ್ನೂ ಬೋನ್‌ಹೋಫರನನ್ನೂ ಅವಮಾನಪಡಿಸಿ ನೇಣಿಗೆ ಹಾಕಿದರು. ಎರಡು ವಾರಗಳಲ್ಲಿ ಅಮೆರಿಕದ ಸೈನ್ಯವು ಆ ಶಿಬಿರವನ್ನು ಸೇರಿತು.

ಇಂತಹ ಸಾವಿಗೆ ಮರುಗದವನು ಮನುಷ್ಯನಲ್ಲ. ಆದರೆ ಮರುಕವು ಬೇರೆ, ಮನ್ನಣೆಯು ಬೇರೆ. ಸಾವು ಹೇಗಾಯಿತೆಂಬುದರಿಂದ ಬಾಳು ಹೇಗಿತ್ತೆಂಬುದು ಬದಲಾಗುವುದಿಲ್ಲ. ಆ ದಿನಚರಿಯ ವಿಷಯವನ್ನು ಸ್ವಲ್ಪ ಯೋಚಿಸಿದರೆ ಅವನ ಚರಿತ್ರೆಯೆಲ್ಲ ಅದರಲ್ಲಿಯೇ ಕಾಣುತ್ತದೆ. ವರ್ಷಗಳ ಕಾಲ ಕಣ್ಣಿಗೆ ಬಿದ್ದ ಒಂದೊಂದು ದುಷ್ಕೃತ್ಯವನ್ನೂ ಅವನು ಬರೆದಿಟ್ಟನು. ಲೋಕಕ್ಕೆ ಹೇಳಲಿಲ್ಲ, ಕಬ್ಬಿಣದ ಪೆಟ್ಟಿಗೆಗೆ ಹೇಳಿದನು. ಕೊನೆಗೆ ಅದನ್ನು ಓದಿದವರು ಕೊಲೆಗಡುಕರೇ. ಹೇಳಬೇಕಾದ ಕಾಲದಲ್ಲಿ ಹೇಳಬೇಕಾದವರಿಗೆ ಹೇಳದ ಸತ್ಯವು ಹೇಳಿದವನನ್ನು ಕೊಲ್ಲುವುದಕ್ಕೆ ಮಾತ್ರ ಉಪಯೋಗವಾಯಿತು.

ರಾಜರಿಗೆ ಚಾರರೇ ಕಣ್ಣುಗಳೆಂದು ನೀತಿಜ್ಞರು ಹೇಳುವರು. ಕಣ್ಣು ತಾನೇ ನಡೆಯುವುದಿಲ್ಲ, ಹೊಡೆಯುವುದಿಲ್ಲ. ಆದುದರಿಂದ ಅದಕ್ಕೆ ಪಾಪವಿಲ್ಲವೆಂದು ವಾದಿಸುವವರು ಇರಬಹುದು. ಆದರೆ ಕಣ್ಣಿಲ್ಲದೆ ಕೈಯು ಯಾರನ್ನೂ ಹೊಡೆಯಲಾರದು. ಅಲ್ಲದೆ ಉಳಿದ ಸೇವಕರಿಗೆ ಒಂದು ನೆಪವಾದರೂ ಉಂಟು: ತಮಗೆ ತಿಳಿದಿರಲಿಲ್ಲವೆಂದು ಹೇಳಬಹುದು. ಗೂಢಚಾರಾಧಿಪತಿಗೆ ಆ ನೆಪವೂ ಇಲ್ಲ. ತಿಳಿಯುವುದೇ ಅವನ ವೃತ್ತಿ. ಜರ್ಮನಿಯ ಪಾಪಗಳನ್ನು ಇತರರಿಗಿಂತ ಮುಂಚೆಯೂ ಇತರರಿಗಿಂತ ಹೆಚ್ಚಾಗಿಯೂ ತಿಳಿದವನು ಅವನು. ತಿಳಿವು ಹೆಚ್ಚಿದಷ್ಟೂ ಹೊಣೆಯು ಹೆಚ್ಚುವುದೆಂಬುದು ಎಲ್ಲ ಧರ್ಮಶಾಸ್ತ್ರಗಳಿಗೂ ಸಮ್ಮತವಾದ ಮಾತು.

ಭಾರತವನ್ನು ಓದಿಸಿ ಕೇಳುವ ಮನೆಗಳಿಗೆ ಈ ಸಮಸ್ಯೆಯು ಹೊಸದಲ್ಲ. ಕೌರವನ ಸಭೆಯಲ್ಲಿ ದ್ರೌಪದಿಯನ್ನು ಎಳೆತಂದಾಗ ಅಲ್ಲಿ ನಾಲ್ಕು ಬಗೆಯ ಜನರಿದ್ದರು. ದುಶ್ಶಾಸನನು ಎಳೆದನು. ಭೀಷ್ಮನು ಧರ್ಮದ ಗತಿಯು ಸೂಕ್ಷ್ಮವೆಂದು ಹೇಳಿ ಕುಳಿತನು. ಕೌರವರಲ್ಲಿಯೇ ಒಬ್ಬನಾದ ವಿಕರ್ಣನು ಎದ್ದುನಿಂತು ಇದು ಅಧರ್ಮವೆಂದು ತುಂಬಿದ ಸಭೆಯಲ್ಲಿ ನುಡಿದನು; ಆದರೆ ಯುದ್ಧವು ಬಂದಾಗ ಅದೇ ಅಣ್ಣನ ಪಕ್ಷದಲ್ಲಿ ನಿಂತು ಭೀಮನಿಗೆ ಬಲಿಯಾದನು. ಕೊಂದ ಭೀಮನೇ ಅವನಿಗಾಗಿ ಮರುಗಿದನು. ಮರುಗಿದರೂ ಕೊಲ್ಲದೆ ಬಿಡಲಿಲ್ಲ. ನಾಲ್ಕನೆಯವನು ವಿದುರ. ಅವನು ಸಭೆಯಲ್ಲಿಯೂ ನುಡಿದನು. ಮುಂದೆ ದುರ್ಯೋಧನನು ಹೀನಾಯವಾಗಿ ಮಾತನಾಡಿದಾಗ ತನ್ನ ಬಿಲ್ಲನ್ನೇ ಮುರಿದುಹಾಕಿ ಯುದ್ಧದಿಂದ ಹೊರಗಾದನೆಂಬುದನ್ನು ಕುಮಾರವ್ಯಾಸನನ್ನು ಓದಿದವರೆಲ್ಲ ಬಲ್ಲರು. ವಿದುರನ ಬಿಲ್ಲು ಮುರಿದುದರಿಂದ ಯುದ್ಧವೇನೂ ನಿಲ್ಲಲಿಲ್ಲ. ಆದರೆ ಆ ಬಿಲ್ಲಿನಿಂದ ಒಂದು ಬಾಣವೂ ಪಾಂಡವರ ಮೇಲೆ ಬೀಳಲಿಲ್ಲ. ಒಬ್ಬ ಮನುಷ್ಯನು ತನ್ನ ವಶದಲ್ಲಿರುವುದನ್ನು ಮಾಡಿದರೆ ಸಾಕು. ಲೋಕವನ್ನೆಲ್ಲ ನಿಲ್ಲಿಸುವ ಭಾರವು ಅವನ ಮೇಲಿಲ್ಲ.

ಕನಾರಿಸನನ್ನು ಈ ನಾಲ್ವರಲ್ಲಿ ಎಲ್ಲಿ ಕೂಡಿಸಬೇಕು? ಅವನು ದುಶ್ಶಾಸನನಲ್ಲ, ಹಾಗೆ ಹೇಳುವವರು ಅನ್ಯಾಯಗಾರರು. ಅವನ ಅಭಿಮಾನಿಗಳು ಅವನನ್ನು ವಿದುರನ ಪೀಠದಲ್ಲಿ ಕೂಡಿಸಲು ಹೊರಟಿದ್ದಾರೆ; ಅದು ವಿದುರನಿಗೆ ಅಪಚಾರ. ವಿಕರ್ಣನ ಪಕ್ಕದಲ್ಲಿಯಾದರೂ ಕೂಡಿಸೋಣವೆಂದರೆ, ವಿಕರ್ಣನು ಸಭೆಯ ನಡುವೆ ಗಟ್ಟಿಯಾಗಿ ಹೇಳಿದನು. ಕನಾರಿಸನು ರೈಲುಗಾಡಿಯ ಕೋಣೆಯಲ್ಲಿ ಮೆಲ್ಲಗೆ ಹೇಳಿದನು. ಅವನ ಸ್ಥಾನವು ಭೀಷ್ಮನಿಗೂ ವಿಕರ್ಣನಿಗೂ ನಡುವಣದು: ಕಂಡನು, ನೊಂದನು, ಪಿಸುಗುಟ್ಟಿದನು, ಮತ್ತು ಉಪ್ಪಿನ ಋಣವೆಂದು ಕುಳಿತನು. ಉಪ್ಪಿನ ಋಣವು ಉಪ್ಪನ್ನು ಬೆಳೆದ ಜನರಿಗೆ ಸಲ್ಲುವುದೇ ಹೊರತು ಉಪ್ಪಿನ ಉಗ್ರಾಣವನ್ನು ಕಬಳಿಸಿದ ಕಳ್ಳನಿಗೆ ಸಲ್ಲುವುದಿಲ್ಲವೆಂಬ ವಿವೇಕವು ಅವನಿಗೆ ಕಡೆಯವರೆಗೂ ಕೈಗೂಡಲಿಲ್ಲ.

ಹಾಗಾದರೆ ಅಧಿಕಾರದಲ್ಲಿರುವವನು ಮನಸ್ಸಿಗೆ ಬಾರದ ಒಂದೊಂದು ಆಜ್ಞೆಗೂ ರಾಜೀನಾಮೆ ಕೊಡಬೇಕೇ ಎಂದು ಕೇಳಬಹುದು. ಹಾಗಲ್ಲ. ಅಭಿಪ್ರಾಯಭೇದವು ಒಂದು, ಅಧರ್ಮವು ಮತ್ತೊಂದು. ಸುಂಕವನ್ನು ಹೆಚ್ಚಿಸಬೇಕೆ ತಗ್ಗಿಸಬೇಕೆ ಎಂಬಲ್ಲಿ ಮೇಲಿನವರ ಮಾತನ್ನು ಕೇಳಿ ನಡೆಯುವುದೇ ಸೇವಾಧರ್ಮ. ನಿರಪರಾಧಿಗಳ ಕೊಲೆ, ಸುಳ್ಳು ಸಾಕ್ಷಿ, ಬಡವನ ಸೊತ್ತಿನ ಅಪಹಾರ ಇವುಗಳಿಗೆ ತನ್ನ ಕೈಯನ್ನು ಕೇಳಿದಾಗ, ಕೊಡುವುದಿಲ್ಲವೆನ್ನುವುದೇ ಧರ್ಮ. ಆ ಗೆರೆಯು ಎಲ್ಲಿದೆಯೆಂಬುದು ಕನಾರಿಸನಿಗೆ ಚೆನ್ನಾಗ��� ತಿಳಿದಿತ್ತು. ಅವನ ವಿಜ್ಞಾಪನೆಗಳೇ ಅದಕ್ಕೆ ಪ್ರಮಾಣ. ತಿಳಿಯದೆ ದಾಟಿದವನಿಗೆ ಪ್ರಾಯಶ್ಚಿತ್ತವುಂಟು. ತಿಳಿದು ಬರೆದಿಟ್ಟು ದಾಟಿದವನಿಗೆ ಚರಿತ್ರೆಯು ಕೀರ್ತಿಯನ್ನು ಕೊಡಬಾರದು.

ಕನಾರಿಸನ ಜೀವನವನ್ನು ಮನೆಮನೆಯಲ್ಲಿ ಮಕ್ಕಳಿಗೆ ಹೇಳುವುದಾದರೆ ವೀರಕಥೆಯೆಂದು ಹೇಳದೆ ಎಚ್ಚರಿಕೆಯೆಂದು ಹೇಳಬೇಕು. ಆ ಮಕ್ಕಳು ನಾಳೆ ಕಚೇರಿಗಳಲ್ಲಿ ಕುಳಿತುಕೊಳ್ಳತಕ್ಕವರು. ಅವರ ಮುಂದೆಯೂ ಒಂದು ದಿನ ಒಂದು ಕಾಗದವು ಬರುವುದು. ಮೇಲಿನವರ ಆಜ್ಞೆಯೆಂಬ ಮಾತೂ ಅದರೊಡನೆಯೇ ಬರುವುದು. ಆಗ ಅವರು ಒಳಗೆ ಎಷ್ಟು ನೊಂದರೆಂದು ಯಾರೂ ಕೇಳುವುದಿಲ್ಲ. ರುಜು ಹಾಕಿದರೋ ಇಲ್ಲವೋ ಎಂಬುದೊಂದೇ ಉಳಿಯುವುದು.